ಯಂತ್ರಕ್ಕೆ ಪಾಸು, ಬೈಬ್ಯಾಕ್‌ಗೆ ಫೇಲು: ಹಾಳೆ ತಟ್ಟೆ ಪ್ಯಾಕೇಜಿನ ವಿಮರ್ಶೆ

‘ಮನೆಯಲ್ಲೇ ಕೂತು ತಿಂಗಳಿಗೆ ನಲವತ್ತು ಸಾವಿರ. ಯಂತ್ರ ನಮ್ಮದು, ತರಬೇತಿ ನಮ್ಮದು, ನೀವು ಮಾಡಿದ ತಟ್ಟೆ ಕೊಳ್ಳುವವರೂ ನಾವೇ.’ ಈ ಧಾಟಿಯ ಜಾಹೀರಾತು ವಾಟ್ಸಾಪ್‌ನಲ್ಲಿ ನೋಡದವರು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕಡಿಮೆ. ಅಡಿಕೆ ತೋಟ ಮನೆ ಹಿಂದೆಯೇ ಇದೆ, ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಪೊರೆ, ತಾನಾಗಿ ಬೀಳುತ್ತದೆ, ಹಾಗಾಗಿ ಮಾತು ಬೇಗ ನಾಟುತ್ತದೆ. ಈ ಪ್ಯಾಕೇಜಿನಲ್ಲಿ ಮೂರು ಸಾಮಾನು ಇರುತ್ತವೆ: ಒತ್ತುವ ಯಂತ್ರ, ಒಂದೆರಡು ದಿನದ ತರಬೇತಿ, ಮತ್ತು ಬೈಬ್ಯಾಕ್, ಅಂದರೆ ತಟ್ಟೆಯನ್ನು ತಾವೇ ಕೊಳ್ಳುತ್ತೇವೆ ಎಂಬ ಛಾಪಾ ಕಾಗದ. ಒಟ್ಟಿಗೆ ಕಟ್ಟಿ ಮಾರುವುದನ್ನು ಬಿಚ್ಚಿ, ಒಂದೊಂದನ್ನೇ ತೂಗಿ ನೋಡಬೇಕು.

ತೀರ್ಪು ಮೊದಲೇ ಹೇಳುವುದಾದರೆ, ಯಂತ್ರ ಕೆಲಸ ಮಾಡುತ್ತದೆ. ತರಬೇತಿಗೆ ದುಡ್ಡು ಕೊಡಬೇಕಾಗಿಲ್ಲ. ಬೈಬ್ಯಾಕ್‌ ಅನ್ನು ಸೊನ್ನೆ ಎಂದು ಲೆಕ್ಕ ಹಿಡಿದು, ಆಮೇಲೂ ವ್ಯವಹಾರ ಗಿಟ್ಟುತ್ತದೆ ಅನ್ನಿಸಿದರೆ ಮಾತ್ರ ಮುಂದುವರಿಯಿರಿ.

ಯಂತ್ರದಲ್ಲಿ ಮೂರು ಬಗೆ. ಕೈಯಿಂದ ಹಿಡಿಕೆ ಎಳೆಯುವ ಒಂದು ಡೈಯದು (ಡೈ ಎಂದರೆ ತಟ್ಟೆಯ ಅಚ್ಚಿನ ಜೋಡಿ), ಕಾಲಿನಿಂದ ಪೆಡಲ್ ಒತ್ತುವ ಒಂದೆರಡು ಡೈಯದು, ಮೋಟಾರು ಹಾಕಿದ ಹೈಡ್ರಾಲಿಕ್. ಹೈಡ್ರಾಲಿಕ್‌ನಲ್ಲಿ ಸಾಲಾಗಿ ನಾಲ್ಕೈದು ಡೈ ಇರುತ್ತವೆ. ಕೆಲಸದ ತತ್ವ ಮೂರಕ್ಕೂ ಒಂದೇ. ಮೇಲಿನ ಅಚ್ಚು, ಕೆಳಗಿನ ಅಚ್ಚು ಎರಡೂ ಕಾಯಿಲ್‌ನಿಂದ ಬಿಸಿಯಾಗುತ್ತವೆ, ಒದ್ದೆ ಹಾಳೆ ನಡುವೆ ಸಿಕ್ಕಿ ಆವಿ ಬಿಟ್ಟು ಆಕಾರ ಹಿಡಿಯುತ್ತದೆ, ಅಂಚಿನ ಉಕ್ಕಿನ ಬಳೆ ಅದೇ ಒತ್ತಿಗೆ ಸುತ್ತಲೂ ಕತ್ತರಿಸುತ್ತದೆ. ಮೊದಲ ಸಲ ಇಳಿಯುವವರಿಗೆ ಎರಡು ಡೈಯ ಪೆಡಲ್ ಯಂತ್ರ ಸಾಕು. ಒಂದು ಡೈ ಒತ್ತಿಕೊಂಡಿರುವಾಗ ಇನ್ನೊಂದಕ್ಕೆ ಹಾಳೆ ಇಡಬಹುದು, ಕೈ ಖಾಲಿ ಕೂರುವುದಿಲ್ಲ. ಹೈಡ್ರಾಲಿಕ್‌ಗೆ ಮೂರು ಫೇಸ್ ವಿದ್ಯುತ್ ಬೇಕಾಗಬಹುದು. ಪಂಪ್‌ಸೆಟ್ಟಿನ ಲೈನಿನಿಂದ ಎಳೆದುಕೊಳ್ಳಿ ಎಂದು ಸಲಹೆ ಕೊಡುವ ಏಜೆಂಟರಿದ್ದಾರೆ. ಕೃಷಿ ಸಂಪರ್ಕದಿಂದ ಕೈಗಾರಿಕೆ ನಡೆಸಿದರೆ ಹೆಸ್ಕಾಂ ದಂಡ ಹಾಕುತ್ತದೆ, ಅದೂ ಅಲ್ಲದೆ ಆ ಲೈನಿನಲ್ಲಿ ಮೂರು ಫೇಸ್ ಬರುವುದೇ ಗಂಟೆಯ ಲೆಕ್ಕದಲ್ಲಿ.

ಯಂತ್ರ ಕೊಳ್ಳುವ ದಿನ ವಿಡಿಯೊ ನೋಡಿ ತೃಪ್ತಿಪಡಬೇಡಿ. ನಿಮ್ಮ ತೋಟದ್ದೇ ಮೂವತ್ತು ಹಾಳೆ ಗೋಣಿಯಲ್ಲಿ ಕಟ್ಟಿಕೊಂಡು ಹೋಗಿ. ಡೈ ತಣ್ಣಗಿರುವಾಗಲೇ ಒಂದು ಹಳೆಯ ದಿನಪತ್ರಿಕೆ ಹಾಳೆ ಇಟ್ಟು ಒತ್ತಿಸಿ. ಕಾಗದ ಸುತ್ತಲೂ ಒಂದೇ ಸಮ ಕತ್ತರಿಸಿ ಬಿದ್ದರೆ ಮೇಲಿನ ಅಚ್ಚೂ ಕೆಳಗಿನದೂ ಸರಿಯಾಗಿ ಕೂತಿವೆ. ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಮಡಚಿಕೊಂಡರೆ ಜೋಡಣೆ ವಾರೆ. ಅಂಥ ಯಂತ್ರದಲ್ಲಿ ತಟ್ಟೆಯ ಅಂಚಿಗೆ ನಾರು ಕುಚ್ಚಾಗಿ ನಿಲ್ಲುತ್ತದೆ, ಒಂದೊಂದನ್ನೂ ಕತ್ತರಿಯಿಂದ ಸವರುತ್ತ ಕೂರಬೇಕಾಗುತ್ತದೆ. ಆಮೇಲೆ ಬಿಸಿ ಮಾಡಿಸಿ. ಸಾಮಾನ್ಯವಾಗಿ 100ರಿಂದ 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲಸ ನಡೆಯುತ್ತದೆ. ಥರ್ಮೋಸ್ಟಾಟ್ ತೋರಿಸುವ ಅಂಕಿಯನ್ನು ನಂಬದೆ, ಬೆರಳಿನುದ್ದದ ಇನ್‌ಫ್ರಾರೆಡ್ ಥರ್ಮಾಮೀಟರ್ ಒಯ್ದು ಡೈಯ ನಡುವೆ, ನಾಲ್ಕು ಅಂಚಿನಲ್ಲಿ ನೋಡಿ. ಅಲ್ಯೂಮಿನಿಯಂ ಡೈ ಹೊಳಪಾಗಿದ್ದರೆ ಆ ಮಾಪಕ ಕಡಿಮೆ ತೋರಿಸುತ್ತದೆ. ಒಂದು ಚೂರು ಕಪ್ಪು ಟೇಪ್ ಅಂಟಿಸಿ, ಅದರ ಮೇಲೆ ಅಳೆದರೆ ನಿಜ ಗೊತ್ತಾಗುತ್ತದೆ. ನಡುವೆ ಒಂದು, ಅಂಚಿಗೆ ಇನ್ನೊಂದು ಎಂದು ಇಪ್ಪತ್ತು ಡಿಗ್ರಿ ವ್ಯತ್ಯಾಸ ಬಂದರೆ ಕಾಯಿಲ್ ಕೂರಿಸಿದ್ದೇ ತಪ್ಪು. ತಟ್ಟೆಯ ಹೊಟ್ಟೆ ಕಂದಿ, ಅಂಚು ಹಸಿಯಾಗಿ ಉಳಿಯುತ್ತದೆ.

ಹಾಳೆಯ ಕೆಲಸ ಸುಲಭ ಎಂದು ತೋರುತ್ತದೆ, ಸೋಲುವುದೆಲ್ಲ ಅಲ್ಲೇ. ಒಣ ಹಾಳೆಯನ್ನು ಹತ್ತರಿಂದ ಇಪ್ಪತ್ತು ನಿಮಿಷ ನೀರಲ್ಲಿ ಮುಳುಗಿಸಿ, ಬ್ರಷ್ಷಿನಿಂದ ನಾರಿನ ಉದ್ದಕ್ಕೆ ತಿಕ್ಕಿ, ಹರಿಯುವ ನೀರಿನಲ್ಲಿ ತೊಳೆದು, ಗೋಡೆಗೆ ನೆಟ್ಟಗೆ ಒರಗಿಸಿ ಹತ್ತು ಹದಿನೈದು ನಿಮಿಷ ಸೋರಬಿಡಬೇಕು. ಡೈಗೆ ಹೋಗುವಾಗ ಹಾಳೆ ಬಗ್ಗಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ನೀರು ಹೆಚ್ಚಿದ್ದರೆ ಆವಿ ಹೊರಹೋಗಲು ದಾರಿ ಸಿಗದೆ ಗುಳ್ಳೆ ಎಬ್ಬಿಸುತ್ತದೆ, ಒತ್ತುವ ಸಮಯ ಮುಕ್ಕಾಲು ನಿಮಿಷದಿಂದ ಒಂದೂವರೆ ನಿಮಿಷಕ್ಕೆ ಏರುತ್ತದೆ, ವಿದ್ಯುತ್ ಬಿಲ್ಲೂ ಜತೆಗೇ ಏರುತ್ತದೆ. ನೀರು ಕಡಿಮೆಯಾದರೆ ಅಂಚು ತಿರುಗುವಲ್ಲಿ ಚಟ್ ಎಂದು ಸೀಳುತ್ತದೆ. ಒಳಮೈ, ಅಂದರೆ ಗೊನೆಯ ಕಡೆಗಿದ್ದ ನುಣುಪು ಕೆನೆಬಣ್ಣದ ಮೈ, ಮೇಲೆ ಬರಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಾಗ ಸಿಡಿದು ನೀಲಿ ಕಲೆ ಹಿಡಿದ ಹಾಳೆ ಕಂಡರೆ ತೊಳೆದು ಸರಿಮಾಡುವ ಗೋಜಿಗೆ ಹೋಗದೆ ಗೊಬ್ಬರದ ಗುಂಡಿಗೆ ಹಾಕಿ. ಊಟ ಬಡಿಸುವ ಸಾಮಾನು ಇದು.

ತಟ್ಟೆ ಡೈಯಿಂದ ಬಂದ ಕೂಡಲೇ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಪ್ಲಾಸ್ಟಿಕ್ ಕವರಿಗೆ ತುಂಬಿ ಮೂರನೇ ದಿನ ತೆರೆದರೆ ಬೂಷ್ಟು. ಪರೀಕ್ಷೆ ಸರಳ: ಹತ್ತು ತಟ್ಟೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಎರಡು ತಾಸು ಬಿಸಿಲಿಗಿಟ್ಟು ಮತ್ತೆ ತೂಗಿ. ತೂಕ ಇನ್ನೂ ಇಳಿಯುತ್ತಿದ್ದರೆ ಒಣಗಿಲ್ಲ. ಇಳಿಯುವುದು ನಿಂತ ಮೇಲೆಯೇ ಪ್ಯಾಕ್ ಮಾಡಬೇಕು. ಹಾಳೆ ಶೇಖರಣೆಗೆ ಒಲೆ ಮೇಲಿನ ಅಟ್ಟ ಉತ್ತಮ ಎಂದು ಹಳಬರು ಹೇಳುತ್ತಾರೆ. ಹಾಳೆ ಕೆಡುವುದಿಲ್ಲ, ನಿಜ. ಆದರೆ ಹೊಗೆ ವಾಸನೆ ನಾರಿಗೆ ಇಳಿದು, ಆ ತಟ್ಟೆಯಲ್ಲಿ ಬಡಿಸಿದ ಪಾಯಸವೂ ಹೊಗೆ ಹೊಡೆಯುತ್ತದೆ.

ಕರಾವಳಿಯವರಿಗೆ ಇನ್ನೊಂದು ಕಾಟ ಇದೆ. ಕಾರವಾರ, ಅಂಕೋಲಾ, ಕುಮಟೆಯಲ್ಲಿ ಮಳೆಗಾಲ ಕಳೆದು ಯಂತ್ರ ಚಾಲೂ ಮಾಡಿದರೆ, ಕರೆಂಟು ಸೋರಿದಾಗ ತಾನೇ ಕಡಿಯುವ ಸ್ವಿಚ್ಚು ಆರ್‌ಸಿಸಿಬಿ ಟಪ್ ಎಂದು ಬೀಳುತ್ತದೆ. ಯಂತ್ರ ಸುಟ್ಟಿತು ಎಂದುಕೊಂಡು ಕಾಯಿಲ್ ಬದಲಿಸಬೇಡಿ. ಕೊಳವೆ ಹೀಟರಿನೊಳಗೆ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ ಗಾಳಿಯ ತೇವ ಹೀರಿಕೊಂಡಿರುತ್ತದೆ, ಅದಕ್ಕೇ ಕರೆಂಟು ಅರ್ಥಿಗೆ ಸೋರುತ್ತದೆ. ಎಲೆಕ್ಟ್ರಿಷಿಯನ್ ಕೈಯಿಂದ ಹೀಟರ್ ಬಿಚ್ಚಿಸಿ, ಬಿಸಿಲಲ್ಲಿ ಅಥವಾ ಓವನ್‌ನಲ್ಲಿ ಒಣಗಿಸಿ, ಸೋರಿಕೆ ನೋಡುವ ಮಾಪಕ ಮೆಗರ್‌ನಲ್ಲಿ ಪರೀಕ್ಷಿಸಿ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಟ್ರಿಪ್ ಆಗುತ್ತದೆಂದು ಆರ್‌ಸಿಸಿಬಿಯನ್ನೇ ತೆಗೆದು ನೇರ ಕೊಡುವವರಿದ್ದಾರೆ. ಒದ್ದೆ ಕೈ, ಕಬ್ಬಿಣದ ಯಂತ್ರ, ಸಿಮೆಂಟು ನೆಲ. ಹೆಚ್ಚು ಹೇಳುವುದು ಬೇಡ.

ಇನ್ನು ಜಾಹೀರಾತಿನ ಲೆಕ್ಕ. ‘ಒಂದು ಡೈಯಲ್ಲಿ ದಿನಕ್ಕೆ ಸಾವಿರ ತಟ್ಟೆ’ ಎನ್ನುತ್ತಾರೆ. ಒಂದು ತಟ್ಟೆ ಒತ್ತಲು 45 ಸೆಕೆಂಡು, ತೆಗೆದು ಮತ್ತೊಂದು ಇಡಲು 15. ಅಂದರೆ ನಿಮಿಷಕ್ಕೊಂದು, ಎಂಟು ತಾಸಿಗೆ 480, ಅದೂ ನೀರು ಕುಡಿಯಲೂ ಏಳದಿದ್ದರೆ. ಡೈ ಬಿಸಿಯಾಗಲು ಅರ್ಧ ತಾಸು, ಊಟ, ಕರೆಂಟು ಹೋಗುವುದು, ಹಾಳೆ ಹೊತ್ತು ತರುವುದು ಎಲ್ಲ ಕಳೆದರೆ 350 ಸಿಕ್ಕಿದರೆ ಒಳ್ಳೆಯ ದಿನ. ಅದರಲ್ಲಿ ನೂರಕ್ಕೆ ಎಂಟು ಸೀಳು, ಕಲೆ, ತೂತು ಎಂದು ಹಿಡಿದರೆ ಮಾರಾಟಕ್ಕೆ 322.

ಮುಂದಿನ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು, ನಿಮ್ಮೂರಿನ ದರ ಹಾಕಿ ಮತ್ತೊಮ್ಮೆ ಮಾಡಿಕೊಳ್ಳಿ. ತಟ್ಟೆಗೆ ಸಗಟು ಮೂರು ರೂಪಾಯಿ ಎಂದರೆ ದಿನಕ್ಕೆ 966. ಒಂದು ಹಾಳೆಗೆ ಸರಾಸರಿ ಒಂದೂವರೆ ತಟ್ಟೆ, ಹಾಳೆಗೆ ಒಂದು ರೂಪಾಯಿ ಎಂದರೆ 233 ಖರ್ಚು. ಎರಡು ಕಿಲೋವ್ಯಾಟ್ ಹೀಟರ್, ಥರ್ಮೋಸ್ಟಾಟ್ ಆಫ್ ಆನ್ ಆಗುತ್ತ ಶೇ. 60ರಷ್ಟು ಹೊತ್ತು ಉರಿದರೆ 9.6 ಯೂನಿಟ್, ಎಂಟು ರೂಪಾಯಿಯಂತೆ 77. ಕವರು, ಸಾಗಣೆಗೆ ತಟ್ಟೆಗೆ 30 ಪೈಸೆ ಎಂದರೆ 97. ಉಳಿದದ್ದು 559. ಇದು ಲಾಭ ಅಲ್ಲ, ಒಬ್ಬರ ಕೂಲಿ. ಯಂತ್ರಕ್ಕೆ ಒಂದು ಲಕ್ಷ ಸಾಲ, ಶೇ. 11 ಬಡ್ಡಿ, ಮೂರು ವರ್ಷ ಎಂದರೆ ತಿಂಗಳ ಕಂತು ಸುಮಾರು 3,274. ತಿಂಗಳಿಗೆ 25 ದಿನ ದುಡಿದರೆ ದಿನಕ್ಕೆ 131 ಅದಕ್ಕೇ ಹೋಯಿತು. ಕೈಗೆ 428. ಜಾಹೀರಾತಿನ ನಲವತ್ತು ಸಾವಿರ ಎಲ್ಲಿ, ಇದು ಎಲ್ಲಿ! ಬೆಲೆ ಮೂರರಿಂದ ಎರಡೂವರೆಗೆ ಇಳಿದರೆ ದಿನಕ್ಕೆ 161 ಕೈಬಿಡುತ್ತದೆ. ಬೆಲೆ ಇಳಿದದ್ದು ಆರರಲ್ಲೊಂದು ಪಾಲು, ಕಂತು ಕಟ್ಟುವ ಮೊದಲಿನ ಉಳಿಕೆ ಕರಗಿದ್ದು ಮೂರರಲ್ಲೊಂದು ಪಾಲಿನ ಹತ್ತಿರ. ವ್ಯಾಪಾರ ಮಂದವಾದಾಗ ಸಾಲದ ಮೇಲೆ ಯಂತ್ರ ತಂದವರಿಗೇ ಮೊದಲು ಉಸಿರು ಕಟ್ಟುವುದು ಇದಕ್ಕೇ.

ಹಾಳೆಯ ಲೆಕ್ಕವನ್ನೂ ಯಾರೂ ಹೇಳುವುದಿಲ್ಲ. ಎಕರೆಗೆ 550 ಮರ, ಮರಕ್ಕೆ ವರ್ಷಕ್ಕೆ ಸುಮಾರು ಆರೇಳು ಹಾಳೆ. ಮಳೆಯಲ್ಲಿ ಬಿದ್ದು ಕೊಳೆತದ್ದು, ಸೀಳಿದ್ದು, ದನ ಮೇದದ್ದು ಕಳೆದರೆ ಅರ್ಧ ಉಪಯೋಗಕ್ಕೆ ಬರುತ್ತದೆ, ಅಂದರೆ ಎಕರೆಗೆ 1,800 ಆಸುಪಾಸು. ದಿನಕ್ಕೆ 233ರಂತೆ 250 ದಿನಕ್ಕೆ 58,000 ಹಾಳೆ ಬೇಕು. ಒಂದೇ ಡೈಗೆ ಮೂವತ್ತೆರಡು ಎಕರೆ ತೋಟದ ಹಾಳೆ! ಮನೆಯ ಎರಡೆಕರೆ ನೆಚ್ಚಿಕೊಂಡು ಯಂತ್ರ ತಂದರೆ ಹದಿನೈದು ಇಪ್ಪತ್ತು ದಿನದಲ್ಲಿ ಅಟ್ಟ ಖಾಲಿ. ಒಳ್ಳೆಯ ಹಾಳೆ ಸಿಗುವುದು ಡಿಸೆಂಬರಿನಿಂದ ಮೇವರೆಗೆ. ಬೇರೆಯವರ ತೋಟದ್ದು ಬೇಕೆಂದರೆ, ಬಿದ್ದ ದಿನವೇ ಆರಿಸಿ ಒಣಗಿಸಿ ಕಟ್ಟಿಟ್ಟರೆ ಮಾತ್ರ ಇಷ್ಟು ಕೊಡುತ್ತೇವೆ ಎಂದು ತೋಟದವರ ಹತ್ತಿರ ಹಂಗಾಮಿಗೆ ಮೊದಲೇ ಮಾತಾಡಿ. ಇಬ್ಬನಿಯಲ್ಲಿ ಎರಡು ರಾತ್ರಿ ಬಿದ್ದಿದ್ದ ಹಾಳೆಗೆ ಕಪ್ಪು ಚುಕ್ಕೆ ಕೂರುತ್ತದೆ, ಅದು ಯಾವ ಬ್ರಷ್ಷಿಗೂ ಹೋಗುವುದಿಲ್ಲ.

ಈಗ ಬೈಬ್ಯಾಕ್. ಒಂದು ಕ್ಷಣ ಮಾರುವವನ ಜಾಗದಲ್ಲಿ ಕೂತು ನೋಡಿ. ಅವನ ಲಾಭ ಯಂತ್ರ ಲಾರಿ ಹತ್ತಿದ ದಿನವೇ ಕೈಸೇರಿದೆ. ಆಮೇಲೆ ನಿಮ್ಮ ತಟ್ಟೆ ಕೊಳ್ಳುವುದು ಅವನಿಗೆ ಬರೀ ಖರ್ಚು. ತಟ್ಟೆಗೆ ನಿಜವಾಗಿ ಬೇಡಿಕೆ ಇದ್ದರೆ ಅವನು ಯಂತ್ರ ಮಾರುತ್ತಿರಲಿಲ್ಲ, ತಾನೇ ಹತ್ತು ಯಂತ್ರ ಹಾಕಿ ಒತ್ತಿಸುತ್ತಿದ್ದ. ಪತ್ರದಲ್ಲಿ ‘ಎ ಗ್ರೇಡ್ ಮಾತ್ರ ಸ್ವೀಕಾರ’ ಎಂಬ ಸಾಲು ಹುಡುಕಿ. ಎ ಗ್ರೇಡ್ ಎಂದರೆ ಏನು, ಎಷ್ಟು ಮಿಲಿಮೀಟರ್ ದಪ್ಪ, ಎಷ್ಟು ತೂಕ, ಕಲೆ ಎಷ್ಟು ಇರಬಹುದು, ಯಾರು ಪರೀಕ್ಷಿಸುತ್ತಾರೆ ಎಂದು ಬರೆದಿರದಿದ್ದರೆ ಇಡೀ ಪತ್ರ ಆ ಒಂದು ಸಾಲಿನ ಮೇಲೆ ನಿಂತಿದೆ. ಮೊದಲ ಲೋಡು ಕೊಳ್ಳುತ್ತಾರೆ, ದುಡ್ಡೂ ಹಾಕುತ್ತಾರೆ, ಆ ಸ್ಕ್ರೀನ್‌ಶಾಟನ್ನೇ ಮುಂದಿನ ಗಿರಾಕಿಗೆ ತೋರಿಸುತ್ತಾರೆ. ಎರಡನೇ ಲೋಡಿನಿಂದ ‘ಬಣ್ಣ ಸರಿಯಿಲ್ಲ’, ‘ಗೋಡೌನ್ ತುಂಬಿದೆ’ ಶುರು. ಸಾಗಣೆ ಖರ್ಚು ನಿಮ್ಮದೇ ಎಂದಿದ್ದರೆ, ತಿರಸ್ಕರಿಸಿದ ಮಾಲನ್ನು ವಾಪಸ್ ತರುವ ಖರ್ಚೂ ನಿಮ್ಮದೇ.

ಅದಕ್ಕಿಂತ ದೊಡ್ಡ ಸುಳ್ಳು ರಫ್ತಿನದು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳಿಂದ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದು, ಇವು ಅಲ್ಲಿ ಆಹಾರ ತಾಗುವ ಬಳಕೆಗೆ ಒಪ್ಪಿಗೆ ಪಡೆದ ವಸ್ತುಗಳಲ್ಲ ಎಂದು ತಯಾರಕರಿಗೂ ಆಮದುದಾರರಿಗೂ ತಿಳಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತದ ಬಹಳಷ್ಟು ಸರಕಿನ ಮೇಲೆ ಶೇ. 50ರ ಸುಂಕವೂ ಬಿತ್ತು. ಸುಂಕ ಏರುತ್ತದೆ, ಇಳಿಯುತ್ತದೆ. ಎಫ್‌ಡಿಎ ಆಕ್ಷೇಪ ಹಾಗಲ್ಲ, ಅದು ಮಾಲಿನ ಮೇಲೆಯೇ ಇರುವ ತಕರಾರು. ಹೊರದೇಶಕ್ಕೆ ಹೋಗಬೇಕಿದ್ದ ತಟ್ಟೆ ಒಳಗಿನ ಮಾರುಕಟ್ಟೆಗೇ ತಿರುಗಿದರೆ ದರ ಇಳಿಯದೆ ಇರುತ್ತದೆಯೇ? ಇಷ್ಟಾದ ಮೇಲೂ ‘ಅಮೆರಿಕ ಆರ್ಡರ್ ಇದೆ, ನೀವು ಒತ್ತಿ ಕೊಡಿ ಸಾಕು’ ಎನ್ನುವವನು ಸುದ್ದಿ ಓದಿಲ್ಲ, ಇಲ್ಲವೇ ನೀವು ಓದಿಲ್ಲ ಎಂದು ನಂಬಿದ್ದಾನೆ.

ಮಾರುವವನನ್ನು ಪರೀಕ್ಷಿಸಲು ಹತ್ತು ನಿಮಿಷ ಸಾಕು. ಕೊಟೇಶನ್ ಮೇಲಿನ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನ ತೆರಿಗೆದಾರರ ಹುಡುಕಾಟದಲ್ಲಿ ಹಾಕಿ. ಮೊದಲ ಎರಡು ಅಂಕಿ ರಾಜ್ಯದ ಸಂಕೇತ: 29 ಕರ್ನಾಟಕ, 30 ಗೋವಾ, 27 ಮಹಾರಾಷ್ಟ್ರ, 33 ತಮಿಳುನಾಡು. ‘ಹುಬ್ಬಳ್ಳಿಯಲ್ಲೇ ಫ್ಯಾಕ್ಟರಿ’ ಎನ್ನುವವನ ಸಂಖ್ಯೆ ಬೇರೆ ರಾಜ್ಯದ್ದಾದರೆ ಪ್ರಶ್ನೆ ಕೇಳಿ. ನೋಂದಣಿ ದಿನಾಂಕ ನೋಡಿ. ‘ಹದಿನೈದು ವರ್ಷದ ಅನುಭವ’ ಆರು ತಿಂಗಳ ಹಿಂದೆ ಹುಟ್ಟಿರಬಹುದು. ರಿಟರ್ನ್ ಸಲ್ಲಿಸುತ್ತಿದ್ದಾನೆಯೇ ಎಂದೂ ಅಲ್ಲೇ ಕಾಣುತ್ತದೆ. ಯಂತ್ರಕ್ಕೆ ಸಾಮಾನ್ಯವಾಗಿ ಶೇ. 18 ಜಿಎಸ್‌ಟಿ. ಎಲೆ, ಹೂವು, ತೊಗಟೆಯ ತಟ್ಟೆ ಲೋಟಕ್ಕೆ 2019ರ ಅಕ್ಟೋಬರಿನಲ್ಲಿ ತೆರಿಗೆ ತೆಗೆದಿದ್ದಾರೆ. ಮಾಲಿಗೆ ತೆರಿಗೆ ಇಲ್ಲದ್ದರಿಂದ ಯಂತ್ರದ ಮೇಲೆ ಕಟ್ಟಿದ್ದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುವುದಿಲ್ಲ, ಅದು ಪೂರಾ ಖರ್ಚೇ. ‘ಜಿಎಸ್‌ಟಿ ವಾಪಸ್ ಸಿಗುತ್ತೆ ಸರ್’ ಎಂದವನಿಗೆ ತನ್ನ ವ್ಯಾಪಾರವೇ ಗೊತ್ತಿಲ್ಲ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಎಂದರೆ ಒಪ್ಪಬೇಡಿ. ಬಿಲ್ ಇಲ್ಲದಿದ್ದರೆ ಸಬ್ಸಿಡಿಯೂ ಇಲ್ಲ, ಮುಂದೆ ದೂರು ಕೊಡಲು ಆಧಾರವೂ ಇಲ್ಲ. ಮುಂಗಡವನ್ನು ಸಂಸ್ಥೆಯ ಚಾಲ್ತಿ ಖಾತೆಗೇ ಹಾಕಿ. ಯಾರದೋ ಹೆಸರಿನ ಯುಪಿಐ ಸಂಖ್ಯೆ ಕೊಟ್ಟರೆ ಅಲ್ಲಿಗೇ ಮುಗಿಸಿ.

ಇದೇ ಜಾತಿಯ ಉಳಿದ ಮನೆಗೆಲಸಗಳಿಗೆ ಇಷ್ಟು ಪರಿಶೀಲನೆಯೂ ಬೇಡ. ಪೆನ್ಸಿಲ್ ಪ್ಯಾಕಿಂಗ್‌ಗೆ ನೋಂದಣಿ ಶುಲ್ಕ ಕೇಳಿದರೆ ಅದು ಮೋಸ. ಪೆನ್ಸಿಲ್ ಡಬ್ಬಿ ತುಂಬಲು ಕಾರ್ಖಾನೆಯಲ್ಲಿ ಯಂತ್ರ ಇರುವಾಗ ಹೊನ್ನಾವರದ ಮನೆಗೆ ಯಾಕೆ ಕಳಿಸುತ್ತಾರೆ? ಡೇಟಾ ಎಂಟ್ರಿ ಕೊಟ್ಟು, ‘ತಪ್ಪು ಜಾಸ್ತಿ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟಿ’ ಎಂದು ವಕೀಲರ ಹೆಸರಲ್ಲಿ ನೋಟಿಸ್ ಕಳಿಸಿದರೆ ಕಟ್ಟಬೇಡಿ, ಪೊಲೀಸರಿಗೆ ತೋರಿಸಿ. ಟೆಲಿಗ್ರಾಂನಲ್ಲಿ ಲೈಕ್ ಒತ್ತಿದ್ದಕ್ಕೆ ಮೊದಲು ನೂರಿನ್ನೂರು ಹಾಕಿ, ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಎಂದು ನಿಮ್ಮಿಂದಲೇ ಹಾಕಿಸಿಕೊಳ್ಳುವವರು ಬೇರೆ. ಎಲ್ಲಕ್ಕಿಂತ ಅಪಾಯ ಖಾತೆ ಬಾಡಿಗೆಯದು: ‘ನಿಮ್ಮ ಬ್ಯಾಂಕ್ ಖಾತೆಗೆ ಹಣ ಬರುತ್ತೆ, ಕಮಿಷನ್ ಇಟ್ಟುಕೊಂಡು ಮುಂದಕ್ಕೆ ಕಳಿಸಿ.’ ಇಲ್ಲಿ ದುಡ್ಡು ಹೋಗುವುದಲ್ಲ, ನೀವೇ ಆರೋಪಿಯಾಗುತ್ತೀರಿ. ಹಣ ಹೋದ ತಾಸಿನೊಳಗೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಹಿವಾಟಿನ ಯುಟಿಆರ್ ಸಂಖ್ಯೆ ಕೈಯಲ್ಲಿ ಇಟ್ಟುಕೊಂಡು. ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯುವುದಷ್ಟೇ ಅಲ್ಲಿ ಸಾಧ್ಯ. ಆಮೇಲೆ ಸೈಬರ್ ಅಪರಾಧ ನೋಡುವ ಕಾರವಾರದ ಸಿಇಎನ್ ಪೊಲೀಸ್ ಠಾಣೆ.

ತರಬೇತಿಗೆ ಹಣ ಕೊಡಬೇಕಾಗಿಲ್ಲ ಎಂದದ್ದು ಏಕೆಂದರೆ, ಹಳಿಯಾಳದಲ್ಲಿ ಕೆನರಾ ಬ್ಯಾಂಕಿನ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ದೇಶಪಾಂಡೆ ಆರ್‌ಸೆಟಿ ಇದೆ. ಇಂಥ ಸಂಸ್ಥೆಗಳಲ್ಲಿ ಸ್ವಉದ್ಯೋಗ ತರಬೇತಿಯೂ ಊಟ ವಸತಿಯೂ ಉಚಿತ. ಸಾಲ ಬೇಕಾದರೆ ಪಿಎಂಇಜಿಪಿ ಎಂಬ ಕೇಂದ್ರದ ಸ್ವಉದ್ಯೋಗ ಯೋಜನೆಯಲ್ಲಿ ಗ್ರಾಮೀಣ ಭಾಗದ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ. 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು ಮೊದಲಾದ ವಿಶೇಷ ವರ್ಗಕ್ಕೆ ಶೇ. 35 ಸಬ್ಸಿಡಿ, ಕೈಯಿಂದ ಹಾಕಬೇಕಾದ್ದು ಶೇ. 10 ಮತ್ತು 5. ಈ ಸಬ್ಸಿಡಿ ಕೈಗೆ ನಗದಾಗಿ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂತು, ಘಟಕ ನಡೆಯುತ್ತಿದೆ ಎಂದು ಪರಿಶೀಲನೆ ಆದಮೇಲೆ ಸಾಲಕ್ಕೆ ವಜಾ ಆಗುತ್ತದೆ. ‘ಸಬ್ಸಿಡಿ ನಾವೇ ಮಾಡಿಸಿಕೊಡುತ್ತೇವೆ, ಫೈಲಿಗೆ ಹದಿನೈದು ಸಾವಿರ’ ಎನ್ನುವ ಏಜೆಂಟನಿಗೆ ಕೊಡುವ ದುಡ್ಡು ನೀರಿಗೆ ಹಾಕಿದ ಹಾಗೆ. ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ, ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ. ನೀವು ಹಾಕುವ ಹೊತ್ತಿಗೆ ಯೋಜನೆ ಚಾಲ್ತಿಯಲ್ಲಿದೆಯೇ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ಸಣ್ಣ ಉದ್ಯಮಗಳಿಗೆ ಸರಕಾರ ಕೊಡುವ ಉದ್ಯಮ್ ನೋಂದಣಿಯೂ ಉಚಿತ, ಆಧಾರ್, ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ.

ಈಗಾಗಲೇ ಪ್ಯಾಕೇಜ್ ಕೊಂಡು ಕೈಸುಟ್ಟುಕೊಂಡವರಿಗೆ ಒಂದು ಮಾತು. ‘ನೀವು ವ್ಯಾಪಾರಕ್ಕೆ ಕೊಂಡಿದ್ದೀರಿ, ಗ್ರಾಹಕ ಅಲ್ಲ’ ಎಂದು ಹೆದರಿಸುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆ ಕೊಂಡ ಯಂತ್ರ ವಾಣಿಜ್ಯ ಉದ್ದೇಶದ್ದಲ್ಲ ಎಂದೇ ವಿವರಣೆ ಇದೆ. ಪತ್ರದಲ್ಲಿ ‘ವ್ಯಾಜ್ಯ ಚೆನ್ನೈ ನ್ಯಾಯವ್ಯಾಪ್ತಿಗೆ’ ಎಂದು ಬರೆದಿದ್ದರೂ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆ ಅವಕಾಶ ಕೊಟ್ಟಿದೆ, ಅಂದರೆ ಕಾರವಾರದ ಜಿಲ್ಲಾ ಆಯೋಗ. ಐದು ಲಕ್ಷದವರೆಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ‘ನೋಡೋಣ, ಮುಂದಿನ ತಿಂಗಳು ಮಾಲು ಎತ್ತುತ್ತೇವೆ’ ಎಂದು ಎಳೆಯುವುದು ಆ ಎರಡು ವರ್ಷ ದಾಟಿಸಲಿಕ್ಕೇ. ಜಾಹೀರಾತಿನ ಸ್ಕ್ರೀನ್‌ಶಾಟ್, ಬಿಲ್, ಹಣ ಹಾಕಿದ ದಾಖಲೆ, ಮಾಲು ಬೇಡ ಎಂದ ಸಂದೇಶ, ತಿರಸ್ಕರಿಸಿದ ತಟ್ಟೆಯಲ್ಲಿ ಹತ್ತು, ಇವಿಷ್ಟನ್ನು ಇಟ್ಟುಕೊಂಡಿರಿ. ಮೊದಲ ಮಾಹಿತಿಗೆ 1915 ಗ್ರಾಹಕ ಸಹಾಯವಾಣಿ.

ಬೈಬ್ಯಾಕ್ ಮರೆತು ಇದೇ ಯಂತ್ರವನ್ನು ಮಂದ ಕಾಲದಲ್ಲಿ ನಡೆಸಬಹುದೇ? ಮೊದಲು ಡೈ ಅಳತೆ ಬದಲಿಸಿ. ಪ್ಯಾಕೇಜಿನಲ್ಲಿ 12 ಇಂಚಿನ ‘ಎಕ್ಸ್‌ಪೋರ್ಟ್ ಸೈಜ್’ ಕೊಡುತ್ತಾರೆ. ಅಗಲ ಹಾಳೆ ಬೇಕು, ತಿರಸ್ಕಾರ ಹೆಚ್ಚು, ಮತ್ತು ನಮ್ಮ ಕಡೆ ಅದಕ್ಕೆ ಕೆಲಸವೇ ಕಡಿಮೆ. ಶಿರಸಿ ಸೀಮೆಯ ಮದುವೆ ಉಪನಯನದಲ್ಲಿ ಊಟಕ್ಕೆ ಇಂದಿಗೂ ಬಾಳೆಎಲೆಯೇ. ಹಾಳೆ ತಟ್ಟೆ ಬೇಕಾಗುವುದು ಬೆಳಗಿನ ಅವಲಕ್ಕಿ, ಉಪ್ಪಿಟ್ಟಿಗೆ, ಸಂಜೆಯ ಚರುಪಿಗೆ, ಬಫೆಗೆ. ಅಲ್ಲಿ ಓಡುವುದು 6 ಮತ್ತು 8 ಇಂಚು, ಜತೆಗೆ 4 ಇಂಚಿನ ಬಟ್ಟಲು. ಬಟ್ಟಲನ್ನು ದೊಡ್ಡ ತಟ್ಟೆಯ ಪಕ್ಕದಲ್ಲಿ ಉಳಿದ ಚೂರಿನಲ್ಲೇ ಒತ್ತಬಹುದು. ಯಾವ ತಟ್ಟೆ ಬರಬೇಕು ಎಂದು ತೀರ್ಮಾನಿಸುವವರು ಮನೆಯ ಯಜಮಾನರಲ್ಲ, ಅಡುಗೆ ಭಟ್ಟರು. ಹತ್ತು ಅಂಗಡಿಗೆ ಉದ್ರಿ ಕೊಡುವುದಕ್ಕಿಂತ ನಾಲ್ಕು ಅಡುಗೆ ತಂಡಕ್ಕೆ ಮಾದರಿ ಕೊಟ್ಟು ಬಂದರೆ ಕೆಲಸ ಹೆಚ್ಚು. 2022ರ ಜುಲೈ 1ರಿಂದ ಪ್ಲಾಸ್ಟಿಕ್, ಥರ್ಮಾಕೋಲ್ ತಟ್ಟೆಗಳಿಗೆ ದೇಶವ್ಯಾಪಿ ನಿಷೇಧ ಇದೆ. ಗೋಕರ್ಣ, ಮುರ್ಡೇಶ್ವರದ ಉಪಾಹಾರದ ಅಂಗಡಿಗಳ ಹತ್ತಿರ ಈ ಮಾತು ಎತ್ತಲು ಅಡ್ಡಿಯಿಲ್ಲ. ಆದರೆ ಕೊನೆಗೆ ಅವರು ನೋಡುವುದು ಕಾಗದದ ತಟ್ಟೆಗಿಂತ ಎಷ್ಟು ಪೈಸೆ ಹೆಚ್ಚು ಎಂದಷ್ಟೇ.

ಉದ್ರಿಯ ಬಗ್ಗೆ ಕಾನೂನು ನಿಮ್ಮ ಪರ ಇದೆ, ಬಜಾರಿನ ರೂಢಿ ಇಲ್ಲ. ಉದ್ಯಮ್ ನೋಂದಣಿ ಇರುವ ತಯಾರಕರಿಗೆ ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ, ಹಾಗೆ ಬಾಕಿ ಉಳಿಸಿಕೊಂಡ ಖರೀದಿದಾರ ಆ ಖರ್ಚನ್ನು ಹಣ ಕೊಡುವವರೆಗೆ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ. ಲೆಕ್ಕಪತ್ರ ಇಡುವ ರೆಸಾರ್ಟು, ದೊಡ್ಡ ಕೇಟರಿಂಗ್‌ನವರ ಮೇಲೆ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಬಿಲ್ ಮೇಲೆ ಉದ್ಯಮ್ ಸಂಖ್ಯೆ ದಪ್ಪಕ್ಷರದಲ್ಲಿ ಹಾಕಿ, ಮಾರ್ಚ್ ಮೊದಲ ವಾರದಲ್ಲಿ ಅವರ ಅಕೌಂಟೆಂಟಿಗೆ ಒಮ್ಮೆ ಫೋನ್ ಮಾಡಿ. ಮೂಲೆಯ ದಿನಸಿ ಅಂಗಡಿಗೆ ಈ ಯಾವುದೂ ತಾಗುವುದಿಲ್ಲ, ಅಲ್ಲಿ ನಗದಿಗೆ ಶೇ. 3 ಕಡಿಮೆ ಮಾಡುವುದೇ ಮದ್ದು.

ಮಳೆಗಾಲದಲ್ಲಿ ತಯಾರಿಸಿ ರಾಶಿ ಹಾಕಬೇಡಿ. ಒಣಗುವುದಿಲ್ಲ, ಮದುವೆಯೂ ಇಲ್ಲ, ದುಡ್ಡು ಬೂಷ್ಟು ಹಿಡಿಯುತ್ತದೆ. ಹಾಳೆಯನ್ನು ಚೆನ್ನಾಗಿ ಒಣಗಿಸಿ ನೆಲದಿಂದ ಅಡಿಯೆತ್ತರ ಹಲಗೆಯ ಮೇಲಿಟ್ಟು, ಆರ್ಡರ್ ಬಂದಾಗ ಮಾತ್ರ ಒತ್ತಿ. ಡೈ ಬಿಸಿ ಮಾಡಲೇ ಅರ್ಧ ತಾಸಿನ ಕರೆಂಟು ಹೋಗುವುದರಿಂದ ವಾರದ ಆರ್ಡರನ್ನು ಎರಡು ದಿನಕ್ಕೆ ಒಟ್ಟು ಮಾಡಿ. ಸಣ್ಣ ಹಾಳೆ, ಸೀಳು ಹಾಳೆಯನ್ನು ಕತ್ತರಿಸಿ ದನಕ್ಕೆ ಹಾಕಬಹುದು, ಮೇವಿನ ಖರ್ಚಿನಲ್ಲಿ ಅದೂ ಒಂದು ಉಳಿತಾಯ. ಎರಡು ವರ್ಷಕ್ಕೊಮ್ಮೆಯ ಮಾರಿಕಾಂಬಾ ಜಾತ್ರೆ, ವರ್ಷವೂ ಬರುವ ಗೋಕರ್ಣದ ಶಿವರಾತ್ರಿಗೆ ಎರಡು ತಿಂಗಳು ಮೊದಲೇ ಮಾತಾಡಿ ಮುಂಗಡ ಹಿಡಿದುಕೊಳ್ಳಿ. ಆದರೆ ಜಾತ್ರೆಯ ಮಾರಾಟ ನೋಡಿ ಎರಡನೇ ಯಂತ್ರ ಕೊಳ್ಳಲು ಹೊರಡಬೇಡಿ.

ಕೊಳ್ಳಲೇಬೇಕೆಂದರೆ ಮಂದ ಕಾಲ ಸೆಕೆಂಡ್ ಹ್ಯಾಂಡಿಗೆ ಸುಗ್ಗಿ. ಬೈಬ್ಯಾಕ್ ನಂಬಿ ತಂದು ತಿಂಗಳೊಪ್ಪತ್ತು ಓಡಿಸಿ ಮೂಲೆಗಿಟ್ಟ ಯಂತ್ರಗಳು ಕೊಟ್ಟಿಗೆಯಲ್ಲಿ ಸೋಗೆ ಮುಚ್ಚಿಕೊಂಡು ಕೂತಿರುತ್ತವೆ. ಹೊಸದಕ್ಕೆ ಕೊಡುವ ದುಡ್ಡಿನ ಅರ್ಧದಿಂದ ಮಾತು ಶುರುಮಾಡಿ. ಮೂಲ ಬಿಲ್ ಕೇಳಿ ಪಡೆಯಿರಿ, ಸಾಲದ ಮೇಲೆ ತಂದಿದ್ದರೆ ಬ್ಯಾಂಕಿನ ಬಾಕಿ ಇಲ್ಲ ಎಂಬ ಪತ್ರವನ್ನೂ. ಅಂಚಿನ ಕತ್ತರಿಸುವ ಬಳೆಯ ಮೇಲೆ ಉಗುರು ಆಡಿಸಿ ನೋಡಿ, ಹಲ್ಲು ಮುರಿದಂತೆ ತಾಗಿದರೆ ಸಾಣೆ ಸಾಲದು, ಬಳೆ ಬದಲಿಸಬೇಕು. ಹೈಡ್ರಾಲಿಕ್ ಆದರೆ ಡೈ ಮೇಲಿನ ಸಿಲಿಂಡರಿನ ಸೀಲಿಗೆ ಬಿಳಿ ಕಾಗದ ಸುತ್ತಿ ಹತ್ತು ಸಲ ಒತ್ತಿಸಿ. ಎಣ್ಣೆ ಕಲೆ ಕಂಡರೆ ಅದು ತಟ್ಟೆಗೂ ಬೀಳುತ್ತದೆ. ಬಳೆಗೂ ಸೀಲಿಗೂ ಆಗುವ ಖರ್ಚನ್ನು ಹತ್ತಿರದ ಲೇತ್ ಅಂಗಡಿಯಲ್ಲಿ ಮೊದಲೇ ಕೇಳಿಕೊಂಡು ಹೋಗಿ, ಬೆಲೆಯಲ್ಲಿ ಮುರಿದುಕೊಳ್ಳಿ.